ತಿವಾನಾಕುವಿಗೆ ಹದಿನೇಳು ಸಾವಿರ ವರ್ಷವೇ? ಒಂದು ಸಂಖ್ಯೆಯ ಜಾತಕ

ಬೊಲಿವಿಯಾದ ತಿವಾನಾಕು ಅವಶೇಷಗಳ ಬಗ್ಗೆ ಯೂಟ್ಯೂಬಿನಲ್ಲಿ ಒಂದೆರಡು ವಿಡಿಯೊ ನೋಡಿದರೆ ಸಾಕು, ಒಂದು ಸಂಖ್ಯೆ ಎದುರಾಗುತ್ತದೆ: ಹದಿನೇಳು ಸಾವಿರ ವರ್ಷ. ಹಿನ್ನೆಲೆಯಲ್ಲಿ ಗಂಭೀರ ಸಂಗೀತ, ತೆರೆಯ ಮೇಲೆ ನೇರ ಅಂಚಿನ ಬೃಹತ್ ಕಲ್ಲುಗಳು, 'ಇದನ್ನು ಕಟ್ಟಿದವರು ಯಾರು?' ಎಂಬ ಪ್ರಶ್ನೆ. ಸಮುದ್ರದಲ್ಲಿ ಮುಳುಗಿತೆನ್ನುವ ಕಟ್ಟುಕಥೆಯ ಅಟ್ಲಾಂಟಿಸ್‌ನವರು ಕಟ್ಟಿರಬಹುದು, ಬೇರೆ ಗ್ರಹದವರು ಕಟ್ಟಿರಬಹುದು. ಆ ನೆಲದಲ್ಲೇ ಹುಟ್ಟಿ ಬೆಳೆದವರು ಮಾತ್ರ ಕಟ್ಟಿರುವಂತಿಲ್ಲ.

ಈ ಸಂಖ್ಯೆಯನ್ನು ನಕ್ಕು ತಳ್ಳಿಬಿಡುವುದು ಸುಲಭ. ಆದರೆ ಅದು ಯಾರೋ ಬಾಯಿಗೆ ಬಂದಂತೆ ಹೇಳಿದ್ದಲ್ಲ. ಅದರ ಹಿಂದೆ ಒಬ್ಬ ಎಂಜಿನಿಯರ್ ಇದ್ದಾನೆ, ದಶಕಗಳ ಅಳತೆ ಇದೆ, ಖಗೋಳಶಾಸ್ತ್ರದ ಸೂತ್ರವೂ ಇದೆ. ಹಾಗಾಗಿ ಅದು ಎಲ್ಲಿಂದ ಬಂತು, ಎಲ್ಲಿ ಕಾಲು ಜಾರಿತು ಎಂದು ಬಿಡಿಸಿ ನೋಡುವುದೇ ಸರಿ. ಪುರಾತನ ಕಟ್ಟಡವೊಂದರ ವಯಸ್ಸನ್ನು ಹೇಗೆ ಕಂಡುಹಿಡಿಯುತ್ತಾರೆ, ಹೇಗೆ ಕಂಡುಹಿಡಿಯಲಾಗದು ಎನ್ನುವುದೂ ಆಗ ತಾನಾಗಿ ತಿಳಿಯುತ್ತದೆ.

ಮೊದಲು ಜಾಗ. ಆಂಡಿಸ್ ಪರ್ವತಸಾಲುಗಳ ನಡುವಿನ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 3,850 ಮೀಟರ್ ಎತ್ತರದಲ್ಲಿ, ಟಿಟಿಕಾಕಾ ಸರೋವರದ ಆಗ್ನೇಯ ದಂಡೆಯಿಂದ ಸ್ವಲ್ಪ ದೂರದಲ್ಲಿದೆ ತಿವಾನಾಕು. ಆಡಳಿತ ರಾಜಧಾನಿ ಲಾ ಪಾಜ್‌ನಿಂದ ಪಶ್ಚಿಮಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರ್. ಮೆಟ್ಟಿಲು ಮೆಟ್ಟಿಲಾಗಿ ಏರುವ ಅಕಪಾನ ಎಂಬ ದಿಬ್ಬ, ಕಂಬದಂಥ ನಿಲುಗಲ್ಲುಗಳ ಆವರಣವಿರುವ ಕಲಸಸಾಯ, ನೆಲಮಟ್ಟದಿಂದ ಕೆಳಗಿಳಿದ ಒಂದು ಅಂಗಳ, ಒಂದೇ ಕಲ್ಲಿನಲ್ಲಿ ಕಡೆದ 'ಸೂರ್ಯದ್ವಾರ' ಇಲ್ಲಿನ ಮುಖ್ಯ ರಚನೆಗಳು. ಕೂಗಳತೆಯಾಚೆ ಪೂಮಾ ಪುಂಕು. ವಿಡಿಯೊಗಳಲ್ಲಿ ಪದೇಪದೇ ಕಾಣುವ 'ಎಚ್' ಆಕಾರದ ಕಲ್ಲುಗಳು ಅಲ್ಲಿಯವು. ಅಲ್ಲಿನ ಅತಿ ದೊಡ್ಡ ಮರಳುಗಲ್ಲಿನ ಚಪ್ಪಡಿ 7.81 ಮೀಟರ್ ಉದ್ದ, 5.17 ಮೀಟರ್ ಅಗಲವಿದ್ದು, ತೂಕ ಸುಮಾರು 131 ಟನ್ ಎಂದು ಅಂದಾಜು. ಯುನೆಸ್ಕೊ 2000ದಲ್ಲಿ ತಿವಾನಾಕುವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವಯಸ್ಸಿನ ಬಗ್ಗೆ ಇಷ್ಟೊಂದು ಜಗಳಕ್ಕೆ ಇಲ್ಲಿ ಆಸ್ಪದ ಸಿಕ್ಕಿದ್ದಕ್ಕೆ ಒಂದು ಸರಳ ಕಾರಣವಿದೆ: ತಿವಾನಾಕುವಿನವರಿಗೆ ಲಿಪಿ ಇರಲಿಲ್ಲ. ಬಾದಾಮಿಯ ಮೂರನೇ ಗುಹೆಯ ಕಾಲ ಯಾವುದು ಎಂದು ನಾವು ತಲೆಕೆಡಿಸಿಕೊಳ್ಳಬೇಕಿಲ್ಲ. ಮಂಗಳೇಶನ ಶಾಸನವೇ ಶಕವರ್ಷ 500 ಎಂದು ಹೇಳಿಬಿಡುತ್ತದೆ, ಅಂದರೆ ಕ್ರಿ.ಶ. 578. ತಿವಾನಾಕುವಿನಲ್ಲಿ ಅಂಥ ಒಂದು ಸಾಲೂ ಇಲ್ಲ. ಸ್ಪೇನಿನ ಸೈನಿಕ-ಚರಿತ್ರಕಾರ ಪೆಡ್ರೊ ಸಿಯೆಜಾ ದೆ ಲಿಯೋನ್ 1549ರಲ್ಲಿ ಅಲ್ಲಿಗೆ ಹೋದಾಗ ಊರು ಆಗಲೇ ಪಾಳುಬಿದ್ದಿತ್ತು. ಇದನ್ನು ಇಂಕಾಗಳು (ಸ್ಪೇನಿಗರು ಬರುವ ಮೊದಲು ಆಂಡಿಸ್ ಆಳುತ್ತಿದ್ದವರು) ಕಟ್ಟಿದರೇ ಎಂದು ಕೇಳಿದ್ದಕ್ಕೆ ಅಲ್ಲಿನವರು ನಕ್ಕರಂತೆ. ಇಂಕಾಗಳಿಗಿಂತ ಬಹಳ ಮೊದಲೇ ಇದು ಇತ್ತು, ಒಂದೇ ರಾತ್ರಿಯಲ್ಲಿ ಎದ್ದು ನಿಂತಿತು ಎಂದು ಹಿರಿಯರು ಹೇಳುತ್ತಿದ್ದರು ಎಂದರಂತೆ. 'ಬಹಳ ಮೊದಲು' ಎಂದರೆ ಎಷ್ಟು ಮೊದಲು? ಮುಂದಿನ ನಾಲ್ಕು ಶತಮಾನ ಆ ಪ್ರಶ್ನೆಯನ್ನು ಅವರವರು ತಮಗೆ ಬೇಕಾದಂತೆ ತುಂಬಿಕೊಂಡರು.

ಹಾಗೆ ತುಂಬಿದವರಲ್ಲಿ ಅತ್ಯಂತ ಹಟಮಾರಿ ಆರ್ಥರ್ ಪೊಸ್ನಾನ್ಸ್ಕಿ. 1873ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ದಕ್ಷಿಣ ಅಮೆರಿಕಕ್ಕೆ ಬಂದು, ರಬ್ಬರ್ ವ್ಯಾಪಾರದ ಕಾಲದಲ್ಲಿ ನದಿಯಲ್ಲಿ ಉಗಿದೋಣಿ ನಡೆಸಿ, ಕೊನೆಗೆ ಲಾ ಪಾಜ್‌ನಲ್ಲಿ ನೆಲೆಯಾದ ಮನುಷ್ಯ. ತಿವಾನಾಕುವನ್ನು ಅವನಷ್ಟು ಪ್ರೀತಿಸಿದವರು ಕಡಿಮೆ. ಊರವರು ಚರ್ಚಿಗೂ ಮನೆಗಳಿಗೂ ಕಲ್ಲು ಹೊತ್ತೊಯ್ದಿದ್ದರು, ಇಪ್ಪತ್ತನೇ ಶತಮಾನದ ಆರಂಭದಲ್ಲಿ ರೈಲುಮಾರ್ಗ ಹಾಕುವವರೂ ಒಯ್ದರು. ಆ ಹೊತ್ತಿನಲ್ಲಿ ಅವನು ಫೋಟೊ ತೆಗೆದು, ನಕ್ಷೆ ಬರೆದು ಇಟ್ಟ. ಆ ದಾಖಲೆಗಳಿಗೆ ಇಂದಿಗೂ ಬೆಲೆಯಿದೆ. ಅವನ ತೀರ್ಮಾನಗಳನ್ನು ಒಪ್ಪದವರೂ ಅವನ ಫೋಟೊಗಳನ್ನು ಬಳಸುತ್ತಾರೆ. 1945ರಲ್ಲಿ ಅವನ ದೊಡ್ಡ ಗ್ರಂಥದ ಮೊದಲ ಸಂಪುಟಗಳು ಹೊರಬಂದವು. ಮರುವರ್ಷ ತೀರಿಕೊಂಡ. ಅಮೆರಿಕ ಖಂಡದ ಮಾನವ ನಾಗರಿಕತೆ ಹುಟ್ಟಿದ್ದೇ ಇಲ್ಲಿ, ಕಲಸಸಾಯ ಕಟ್ಟಿದ್ದು ಕ್ರಿ.ಪೂ. 15,000ದ ಸುಮಾರಿಗೆ ಎನ್ನುವುದು ಅವನ ವಾದ.

ಅವನು ಆ ವರ್ಷಕ್ಕೆ ಹೇಗೆ ಬಂದ? ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಇಡೀ ವಿವಾದದ ತಿರುಳು ಇರುವುದೇ ಇಲ್ಲಿ.

ಸೂರ್ಯ ದಿನವೂ ಸರಿಯಾಗಿ ಪೂರ್ವದಲ್ಲೇ ಹುಟ್ಟುವುದಿಲ್ಲ. ಜೂನ್ 21ರ ಸುಮಾರಿಗೆ ಈಶಾನ್ಯದ ಕಡೆಗೆ ತುಂಬ ಸರಿದಿರುತ್ತಾನೆ, ಡಿಸೆಂಬರ್ 21ರ ಸುಮಾರಿಗೆ ಆಗ್ನೇಯದ ಕಡೆಗೆ. ಆ ಎರಡು ತುದಿಗಳ ನಡುವೆ ವರ್ಷವಿಡೀ ಓಡಾಡುತ್ತಾನೆ. ಭೂಮಿಯ ಅಕ್ಷ ವಾಲಿಕೊಂಡಿರುವುದೇ ಇದಕ್ಕೆ ಕಾರಣ. ಈಗ ಆ ವಾಲಿಕೆ ಸುಮಾರು 23.44 ಡಿಗ್ರಿ. ಆದರೆ ಅದು ಸ್ಥಿರವಲ್ಲ. ಸುಮಾರು 41,000 ವರ್ಷಗಳ ಆವರ್ತದಲ್ಲಿ 22.1ರಿಂದ 24.5 ಡಿಗ್ರಿಯ ನಡುವೆ ಬಹಳ ನಿಧಾನವಾಗಿ ಏರಿಳಿಯುತ್ತದೆ. ಈಗ ಇಳಿಯುವ ಹಂತ. ನೂರು ವರ್ಷಕ್ಕೆ ಒಂದು ಡಿಗ್ರಿಯ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಾಗಿ ಇಳಿಯುತ್ತಿದೆ. ವಾಲಿಕೆ ಹೆಚ್ಚಿದ್ದಾಗ ಸೂರ್ಯೋದಯದ ಎರಡು ತುದಿಗಳು ದೂರ ದೂರ, ಕಡಿಮೆಯಿದ್ದಾಗ ಹತ್ತಿರ ಹತ್ತಿರ. (ಇದನ್ನು 26,000 ವರ್ಷಗಳ ಅಯನಚಲನೆಯ ಜೊತೆ ಬೆರೆಸಬಾರದು. ಅಯನಚಲನೆಯಿಂದ ನಕ್ಷತ್ರಗಳ ಸ್ಥಾನ ಬದಲಾಗುತ್ತದೆ. ಈ ಸೂರ್ಯೋದಯದ ತುದಿಗಳು ಬದಲಾಗುವುದಿಲ್ಲ.)

ಕಲಸಸಾಯದ ಪಶ್ಚಿಮದ ಕಡೆ ನಡುವಿನಲ್ಲಿ ನಿಂತು ಪೂರ್ವಕ್ಕೆ ನೋಡಿದರೆ, ಆವರಣದ ಎರಡು ಮೂಲೆಗಳ ನಿಲುಗಲ್ಲುಗಳ ಮೇಲೆ ಆ ಎರಡು ದಿನಗಳಂದು ಸೂರ್ಯ ಹುಟ್ಟಬೇಕು ಎಂಬುದು ಪೊಸ್ನಾನ್ಸ್ಕಿಯ ಊಹೆ. ಅವನು ಕೋನ ಅಳೆದ. ಈಗಿನ ಸೂರ್ಯೋದಯಕ್ಕೂ ಕಲ್ಲುಗಳಿಗೂ ಸ್ವಲ್ಪ ವ್ಯತ್ಯಾಸ ಕಂಡಿತು. ಕಟ್ಟಿದವರು ತಪ್ಪು ಮಾಡಿರಲಾರರು, ಹಾಗಾದರೆ ಆಕಾಶವೇ ಬೇರೆಯಾಗಿತ್ತು ಎಂದು ತರ್ಕಿಸಿದ. ಕಲ್ಲುಗಳ ಕೋನಕ್ಕೆ ಹೊಂದುವ ವಾಲಿಕೆ 23 ಡಿಗ್ರಿ, 8 ಮಿನಿಟು, 48 ಸೆಕೆಂಡು (ಕೋನದ ಅಳತೆಯಲ್ಲಿ ಮಿನಿಟು ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ, ಸೆಕೆಂಡು ಎಂದರೆ ಮಿನಿಟಿನ ಅರವತ್ತನೇ ಒಂದು ಭಾಗ) ಎಂದು ಲೆಕ್ಕ ಹಾಕಿ, ಆ ವಾಲಿಕೆ ಯಾವಾಗ ಇತ್ತು ಎಂದು ಆಗಿನ ಖಗೋಳ ಸೂತ್ರದಲ್ಲಿ ಹುಡುಕಿದ. ಉತ್ತರ ಕ್ರಿ.ಪೂ. 15,000.

ಈಗ ಆ ವ್ಯತ್ಯಾಸ ಎಷ್ಟು ದೊಡ್ಡದು ನೋಡೋಣ. ತಿವಾನಾಕು ಇರುವುದು ದಕ್ಷಿಣ ಅಕ್ಷಾಂಶ 16.5 ಡಿಗ್ರಿಯ ಹತ್ತಿರ. ಅಲ್ಲಿ ಇಂದಿನ ವಾಲಿಕೆಗೆ, ದಿಗಂತ ಸಮತಟ್ಟಾಗಿದೆ ಎಂದುಕೊಂಡರೆ, ಆ ತುದಿದಿನಗಳಂದು ಸೂರ್ಯ ನೇರ ಪೂರ್ವದಿಂದ ಸುಮಾರು 24.5 ಡಿಗ್ರಿ ಸರಿದು ಹುಟ್ಟುತ್ತಾನೆ. ಪೊಸ್ನಾನ್ಸ್ಕಿಯ ವಾಲಿಕೆಗೆ ಸುಮಾರು 24.2 ಡಿಗ್ರಿ. ವ್ಯತ್ಯಾಸ ಒಂದು ಡಿಗ್ರಿಯ ಮೂರನೇ ಒಂದು ಭಾಗವೂ ಇಲ್ಲ. ಆಕಾಶದಲ್ಲಿ ಸೂರ್ಯಬಿಂಬದ ಅಗಲವೇ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಹದಿನೇಳು ಸಾವಿರ ವರ್ಷಗಳ ವಾದ ನಿಂತಿರುವುದು ಸೂರ್ಯಬಿಂಬಕ್ಕಿಂತ ಕಿರಿದಾದ ಒಂದು ಅಂತರದ ಮೇಲೆ. ನೂರು ಮೀಟರ್ ದೂರದ ಕಲ್ಲಿನಲ್ಲಿ ಅದು ಸುಮಾರು ಅರ್ಧ ಮೀಟರ್.

ಅರ್ಧ ಮೀಟರನ್ನು ನಂಬಬೇಕಾದರೆ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕು. ಕಟ್ಟಿದವರು ಎಲ್ಲಿ ನಿಂತು ನೋಡುತ್ತಿದ್ದರು? ನಿಲುಗಲ್ಲಿನ ಯಾವ ಅಂಚು ಗುರುತು: ಎಡಬದಿಯೋ, ಬಲಬದಿಯೋ, ನಡುವೋ? ಅವರಿಗೆ 'ಉದಯ' ಎಂದರೆ ಸೂರ್ಯನ ಮೊದಲ ಕಿರಣವೋ, ಪೂರ್ಣಬಿಂಬವೋ? ಈ ಕೊನೆಯ ಆಯ್ಕೆಯೊಂದರಿಂದಲೇ ಉದಯದ ದಿಕ್ಕು ಆ ಅಕ್ಷಾಂಶದಲ್ಲಿ ಡಿಗ್ರಿಯ ಆರನೇ ಒಂದು ಭಾಗದಷ್ಟು ಸರಿಯುತ್ತದೆ. ದಿಗಂತದಲ್ಲಿ ಒಂದೇ ಒಂದು ಡಿಗ್ರಿ ಎತ್ತರದ ಗುಡ್ಡವಿದ್ದರೆ ಸರಿಯುವುದು ಡಿಗ್ರಿಯ ಮೂರನೇ ಒಂದು ಭಾಗ, ಅಂದರೆ ಇಡೀ ವಾದದಷ್ಟೇ. ಇವುಗಳಲ್ಲಿ ಯಾವುದನ್ನೂ ತಿವಾನಾಕುವಿನವರು ನಮಗೆ ಬರೆದಿಟ್ಟು ಹೋಗಿಲ್ಲ. ಪೊಸ್ನಾನ್ಸ್ಕಿ ಎಲ್ಲಕ್ಕೂ ತನ್ನದೇ ಉತ್ತರ ಇಟ್ಟುಕೊಂಡ. ಅಂಥ ಊಹೆಗಳ ರಾಶಿಯ ಮೇಲೆ '48 ಸೆಕೆಂಡು' ಎಂಬ ಸೂಕ್ಷ್ಮತೆ ಕೂತಿದೆ. ನನಗೆ ಆ 48 ಸೆಕೆಂಡೇ ಈ ಕಥೆಯ ಅತ್ಯಂತ ನಗು ತರಿಸುವ ಭಾಗ.

ಇನ್ನೊಂದು ವಿಷಯ ಜನಪ್ರಿಯ ವಿಡಿಯೊಗಳಲ್ಲಿ ನಾನೆಂದೂ ಕೇಳಿಲ್ಲ. ಪೊಸ್ನಾನ್ಸ್ಕಿ ಹೇಳಿದ ವಾಲಿಕೆ ಇಂದಿನದಕ್ಕಿಂತ ಕಡಿಮೆ. ಕಳೆದ ಹತ್ತು ಸಾವಿರ ವರ್ಷಗಳಿಂದ ವಾಲಿಕೆ ಇಳಿಯುತ್ತಲೇ ಇದೆ, ಅಂದರೆ ಹಿಂದೆ ಹೋದಷ್ಟೂ ಅದು ಹೆಚ್ಚು. ಕ್ರಿ.ಶ. 500ರಲ್ಲಿ ಸುಮಾರು 23.64 ಡಿಗ್ರಿ ಇತ್ತು. ಹಾಗಾಗಿ ಇಂದಿಗಿಂತ ಕಡಿಮೆ ವಾಲಿಕೆ ಬೇಕೆಂದರೆ ಹತ್ತು ಸಾವಿರ ವರ್ಷ ಹಿಂದಿನ ಆ ಶಿಖರವನ್ನು ಹತ್ತಿ ದಾಟಿ, ಆಚೆ ಬದಿಯಲ್ಲಿ ಇಳಿಯಲೇಬೇಕು. ಗಣಿತ ಅವನನ್ನು ಹಿಮಯುಗಕ್ಕೆ ದಬ್ಬಿದ್ದು ಹೀಗೆ. ಆದರೆ ಅದೇ ಕೋನಕ್ಕೆ ಇನ್ನೊಂದು ಉತ್ತರವೂ ಇದೆ: ಇನ್ನು ಸುಮಾರು 2,200 ವರ್ಷ ಕಳೆದ ಮೇಲೆ ವಾಲಿಕೆ ಮತ್ತೆ ಅಷ್ಟಕ್ಕೇ ಇಳಿಯುತ್ತದೆ. ಗಣಿತದ ಮಟ್ಟಿಗೆ ಕಲಸಸಾಯ ಭವಿಷ್ಯದಲ್ಲಿ ಕಟ್ಟಿದ ಕಟ್ಟಡವೂ ಆಗಬಹುದು. ಆ ಉತ್ತರವನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಏಕೆಂದರೆ ಅದು ಅಸಂಬದ್ಧ ಎಂದು ಬೇರೆ ಆಧಾರಗಳಿಂದ ಗೊತ್ತು. ಕೋನವೊಂದೇ ಕಾಲವನ್ನು ಹೇಳಲಾರದು, ಬೇರೆ ಆಧಾರಗಳ ಜೊತೆ ಇಟ್ಟು ನೋಡಬೇಕು ಎಂದು ಅಲ್ಲಿಗೆ ಎಲ್ಲರೂ ಒಪ್ಪಿಕೊಂಡಂತಾಯಿತು.

ಸೂತ್ರದಲ್ಲೂ ತೊಡಕಿದೆ. ಆ ಕಾಲದ ಸೂತ್ರಗಳು ಇಂದಿನಿಂದ ಕೆಲವು ಸಾವಿರ ವರ್ಷಗಳ ವ್ಯಾಪ್ತಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಅದರಾಚೆ ಎಳೆದರೆ ದಾರಿ ತಪ್ಪುತ್ತವೆ. ಇಂದಿನ ಗಣನೆಯ ಪ್ರಕಾರ ಕ್ರಿ.ಪೂ. 15,000ದಲ್ಲಿ ವಾಲಿಕೆ ಇಂದಿಗಿಂತ ಹೆಚ್ಚೇ ಇತ್ತು. ಪೊಸ್ನಾನ್ಸ್ಕಿಯ ಕೋನ ಹೊಂದುವುದು ಇನ್ನೂ ಸುಮಾರು ಮೂರು ಸಾವಿರ ವರ್ಷ ಹಿಂದಕ್ಕೆ, ಹಿಮಯುಗದ ಪರಾಕಾಷ್ಠೆಯ ಹತ್ತಿರಕ್ಕೆ ಹೋದರೆ. ಅಂದರೆ ಅವನ ಅಳತೆಯನ್ನು ಪೂರ್ತಿ ನಂಬಿದರೂ ಅವನ ವರ್ಷ ಸಿಗುವುದಿಲ್ಲ.

1920ರ ದಶಕದ ಕೊನೆಯಲ್ಲಿ ಜರ್ಮನಿಯ ಖಗೋಳಜ್ಞರು ಕಲಸಸಾಯವನ್ನು ಮತ್ತೆ ಪರಿಶೀಲಿಸಿದರು. ರೋಲ್ಫ್ ಮುಲ್ಲರ್ ಅವರಲ್ಲೊಬ್ಬರು. ಯಾವ ಕಲ್ಲನ್ನು, ಯಾವ ನಿಲುವನ್ನು ಆಧಾರವಾಗಿ ಇಟ್ಟುಕೊಳ್ಳುತ್ತೇವೆ ಎಂಬುದರ ಮೇಲೆ ಉತ್ತರಗಳು ಒಂದಕ್ಕೊಂದು ಸಾವಿರಾರು ವರ್ಷ ದೂರ ಬಂದವು. 'ಜರ್ಮನ್ ವಿಜ್ಞಾನಿಗಳೇ ಒಪ್ಪಿದ್ದಾರೆ' ಎಂದು ಇದನ್ನೇ ಇಂದು ಸಾಕ್ಷಿಯಾಗಿ ಕೊಡುತ್ತಾರೆ. ಒಂದೇ ಕಟ್ಟಡ, ಒಂದೇ ವಿಧಾನ, ಸಾವಿರಾರು ವರ್ಷಗಳ ಅಂತರ: ವಿಧಾನ ಇಲ್ಲಿ ಕೆಲಸಕ್ಕೆ ಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು. ಗ್ರಹನಕ್ಷತ್ರಗಳ ವರ್ಣನೆ ಹಿಡಿದು ಮಹಾಭಾರತ ಯುದ್ಧದ ವರ್ಷ ಹೇಳಲು ಹೊರಟವರು ನಮ್ಮಲ್ಲಿ ಎಷ್ಟು ಬೇರೆ ಬೇರೆ ವರ್ಷ ಕೊಟ್ಟಿದ್ದಾರೆ ಎಂಬುದು ಗೊತ್ತಿದ್ದವರಿಗೆ ಇದು ಹೊಸತೇನೂ ಅನಿಸಲಿಕ್ಕಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಕಲಸಸಾಯಕ್ಕೂ ಸೂರ್ಯನಿಗೂ ಸಂಬಂಧವೇ ಇಲ್ಲ ಎಂದು ಯಾರೂ ವಾದಿಸುತ್ತಿಲ್ಲ. ಕಟ್ಟಡದ ಮುಖ ಪೂರ್ವಕ್ಕಿದೆ, ಸೂರ್ಯನ ಚಲನೆಯನ್ನು ಅದನ್ನು ಕಟ್ಟಿದವರು ಗಮನಿಸಿದ್ದರು. ಈಗಲೂ ಪ್ರತಿ ಜೂನ್ 21ರ ಮುಂಜಾನೆ ಕೊರೆಯುವ ಚಳಿಯಲ್ಲಿ ಅಲ್ಲಿನ ಅಯ್ಮಾರಾ ಜನರ ಹೊಸವರ್ಷದ ಸೂರ್ಯನನ್ನು ಕಾಣಲು ಸಾವಿರಾರು ಜನ ಅಲ್ಲಿ ಸೇರುತ್ತಾರೆ. ಸೂರ್ಯನ ಕಡೆ ಮುಖ ಮಾಡಿ ಕಟ್ಟುವುದು ಬೇರೆ, ಡಿಗ್ರಿಯ ಮೂರನೇ ಒಂದು ಭಾಗವೂ ತಪ್ಪದಂತೆ ಕಟ್ಟುವುದು ಬೇರೆ. ಪೊಸ್ನಾನ್ಸ್ಕಿಗೆ ಬೇಕಿದ್ದದ್ದು ಎರಡನೆಯದು. ಜೊತೆಗೆ ಇಂದು ಪ್ರವಾಸಿಗರು ನೋಡುವ ಕಲಸಸಾಯದ ಗೋಡೆ 1950ರ ದಶಕದ ಕೊನೆ ಮತ್ತು 60ರ ದಶಕದಲ್ಲಿ ಮರುನಿರ್ಮಿಸಿದ್ದು. ಹಳೆಯ ಫೋಟೊಗಳಲ್ಲಿ ಕಾಣುವುದು ಬಯಲಲ್ಲಿ ಬಿಡಿಬಿಡಿಯಾಗಿ ನಿಂತ ಕಲ್ಲುಕಂಬಗಳು ಮಾತ್ರ. ಈಗ ದಿಕ್ಸೂಚಿ ಹಿಡಿದು ಆ ಗೋಡೆಯನ್ನು ಅಳೆಯುವವರು ಇಪ್ಪತ್ತನೇ ಶತಮಾನದ ಗಾರೆ ಕೆಲಸವನ್ನೂ ಜೊತೆಗೆ ಅಳೆಯುತ್ತಿರುತ್ತಾರೆ.

ಈ ಪ್ರಾಚೀನತೆಯ ಆಸೆಯ ಹಿಂದೆ ಕೆಲವೊಮ್ಮೆ ಕೊಳಕು ರಾಜಕೀಯವೂ ಇತ್ತು. 1928ರಲ್ಲಿ ತಿವಾನಾಕುವಿಗೆ ಹೋಗಿದ್ದ ಜರ್ಮನಿಯ ಎಡ್ಮಂಡ್ ಕಿಸ್, ಇದನ್ನು ಕಟ್ಟಿದವರು ಅಲ್ಲಿನ ಜನರಲ್ಲ, ಉತ್ತರದಿಂದ ಬಂದ ಬಿಳಿಯ ಜನಾಂಗ ಎಂದು ಬರೆದ. ನಾತ್ಸಿಗಳ 'ಆನೆನೆರ್ಬೆ' ಸಂಸ್ಥೆ ಅವನ ನೇತೃತ್ವದಲ್ಲಿ ದೊಡ್ಡ ಶೋಧಯಾತ್ರೆಯೊಂದನ್ನೇ ಸಿದ್ಧಪಡಿಸಿತ್ತು. 1939ರಲ್ಲಿ ಯುದ್ಧ ಶುರುವಾಗಿ ಅದು ನಿಂತುಹೋಯಿತು. ಕಟ್ಟಿದ ಗೌರವವನ್ನು ಅಲ್ಲಿನವರಿಂದ ಕಿತ್ತು ಬೇರೆ ಯಾರಿಗಾದರೂ ಕೊಡುವ ಚಟ ಆಗ ಜನಾಂಗದ ಭಾಷೆಯಲ್ಲಿತ್ತು, ಈಗ ಅನ್ಯಗ್ರಹದ ಭಾಷೆಯಲ್ಲಿದೆ.

ಆಕಾಶದ ಮಾತು ಸಾಕು. ಮಣ್ಣು ಏನು ಹೇಳುತ್ತದೆ?

ಕಾಲನಿರ್ಣಯದ ಮೊದಲ ಹೆಜ್ಜೆ ಯಾವುದು ಕೆಳಗೆ, ಯಾವುದು ಮೇಲೆ ಎಂಬುದು. 1896ರಲ್ಲಿ ಮ್ಯಾಕ್ಸ್ ಊಲೆ ಪೆರುವಿನ ಕರಾವಳಿಯ ಪಚಕಮಾಕ್‌ನಲ್ಲಿ ಅಗೆದಾಗ ತಿವಾನಾಕು ಶೈಲಿಯ ವಸ್ತುಗಳು ಇಂಕಾ ಪದರಗಳಿಗಿಂತ ಕೆಳಗೆ ಸಿಕ್ಕವು. ತಿವಾನಾಕು ಇಂಕಾಗಳಿಗಿಂತ ಹಳೆಯದು ಎಂಬುದು ಹಾಗೆ ಖಚಿತವಾಯಿತು. 1932ರಲ್ಲಿ ವೆಂಡೆಲ್ ಬೆನೆಟ್ ತಿವಾನಾಕುವಿನಲ್ಲೇ ಗುಂಡಿಗಳನ್ನು ತೋಡಿ, ಪದರ ಪದರವಾಗಿ ಮಡಕೆಚೂರುಗಳನ್ನು ವಿಂಗಡಿಸಿದ. ಅದೇ ಅಗೆತದಲ್ಲಿ ಏಳು ಮೀಟರಿಗೂ ಎತ್ತರದ ಕಲ್ಲಿನ ವಿಗ್ರಹವೊಂದು ಸಿಕ್ಕಿ ಅವನ ಹೆಸರು ಉಳಿಯಿತು, ಆದರೆ ಇತಿಹಾಸಕ್ಕೆ ಹೆಚ್ಚು ಉಪಯೋಗವಾಗಿದ್ದು ಆ ಮಡಕೆಚೂರುಗಳೇ. ಪದರಗಳು ಹಿಂದುಮುಂದನ್ನು ಹೇಳುತ್ತವೆ, ವರ್ಷ ಹೇಳುವುದಿಲ್ಲ. ಅದಕ್ಕೆ ಕಾರ್ಬನ್ ಡೇಟಿಂಗ್ ಬರುವವರೆಗೆ, ಅಂದರೆ 1949ರವರೆಗೆ, ಕಾಯಬೇಕಾಯಿತು. ಪೊಸ್ನಾನ್ಸ್ಕಿ ಅದನ್ನು ನೋಡಲು ಉಳಿದಿರಲಿಲ್ಲ.

ಕಾರ್ಬನ್ ಡೇಟಿಂಗ್‌ನ ತತ್ವ ಇಷ್ಟೇ. ಜೀವ ಇರುವವರೆಗೆ ಗಿಡ, ಪ್ರಾಣಿ, ಮನುಷ್ಯ ಎಲ್ಲರ ದೇಹಕ್ಕೂ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಸೇರುತ್ತಲೇ ಇರುತ್ತದೆ. ಸತ್ತ ಕ್ಷಣದಿಂದ ಸೇರುವುದು ನಿಲ್ಲುತ್ತದೆ, ಇದ್ದದ್ದು ಕರಗುತ್ತ ಹೋಗುತ್ತದೆ. 5,730 ವರ್ಷಕ್ಕೆ ಅರ್ಧವಾಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಸತ್ತು ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ವಾತಾವರಣದಲ್ಲಿ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಇರಲಿಲ್ಲವಾದ್ದರಿಂದ, ಮರಗಳ ವರ್ಷಬಳೆ ಮುಂತಾದವುಗಳಿಂದ ಮಾಡಿದ ತಿದ್ದುಪಡಿ ರೇಖೆಯ ಜೊತೆ ಹೋಲಿಸಿ ಕ್ಯಾಲೆಂಡರ್ ವರ್ಷಕ್ಕೆ ತರುತ್ತಾರೆ. ಸುಮಾರು 50,000 ವರ್ಷಗಳವರೆಗೆ ಇದು ನಡೆಯುತ್ತದೆ. ಹದಿನೇಳು ಸಾವಿರ ಅದರ ಕೈಗೆ ಎಟುಕದ ದೂರವೇನಲ್ಲ. ಅಷ್ಟು ಹಳೆಯದು ಅಲ್ಲಿದ್ದಿದ್ದರೆ ಅದು ಹಾಗೆಯೇ ತೋರಿಸುತ್ತಿತ್ತು.

ಇಲ್ಲಿಗೆ ಬಂದಾಗ ಒಂದು ಆಕ್ಷೇಪ ಖಂಡಿತ ಬರುತ್ತದೆ: 'ಕಲ್ಲಿಗೆ ಕಾರ್ಬನ್ ಡೇಟಿಂಗ್ ಮಾಡಲಾಗದಲ್ಲ?' ನಿಜ, ಆಗದು. ಮಾಡಿದರೂ ಸಿಗುವುದು ಬಂಡೆಯ ವಯಸ್ಸೇ ಹೊರತು ಕಟ್ಟಡದ್ದಲ್ಲ. ಆದ್ದರಿಂದ ಪುರಾತತ್ವಜ್ಞರು ಕಲ್ಲನ್ನು ಬಿಟ್ಟು ಕಲ್ಲಿನ ಅಡಿಗೆ ಹೋಗುತ್ತಾರೆ. ಹಳೇ ಮನೆಯೊಂದರ ಪಾಯದ ಅಡಿ, ಅಲುಗದ ಮಣ್ಣಿನಲ್ಲಿ, 1940ರ ನಾಣ್ಯ ಸಿಕ್ಕರೆ ಆ ಮನೆ 1940ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಗೋಡೆಯ ಕಲ್ಲು ಎಷ್ಟು ಕೋಟಿ ವರ್ಷದ್ದಾದರೂ ಸರಿ. ಪೂಮಾ ಪುಂಕು ಒಂದು ಕೃತಕ ದಿಬ್ಬ. ಮಣ್ಣನ್ನು ಪದರ ಪದರವಾಗಿ ತುಂಬಿ ಎಬ್ಬಿಸಿ, ಅದರ ಮೇಲೆ ಆ ದೈತ್ಯ ಚಪ್ಪಡಿಗಳನ್ನು ಹಾಸಿದ್ದಾರೆ. 1990ರ ದಶಕದಲ್ಲಿ ಪುರಾತತ್ವಜ್ಞ ಅಲೆಕ್ಸೈ ವ್ರಾನಿಚ್ ಆ ದಿಬ್ಬದ ತೀರ ಕೆಳಗಿನ, ಅಂದರೆ ಎಲ್ಲಕ್ಕಿಂತ ಮೊದಲು ತುಂಬಿದ ಪದರದಿಂದ ಸಾವಯವ ವಸ್ತುವಿನ ಮಾದರಿ ತೆಗೆದರು. ಅದರ ಕಾಲ ಕ್ರಿ.ಶ. 536ರಿಂದ 600ರ ನಡುವೆ. ಮೇಲಿನ ಚಪ್ಪಡಿಗಳು ಅದಕ್ಕಿಂತ ಹಿಂದೆ ಅಲ್ಲಿ ಕೂತಿರಲು ಬರುವುದಿಲ್ಲ. ಬಾದಾಮಿಯಲ್ಲಿ ಚಾಲುಕ್ಯರು ಕೋಟೆ ಕಟ್ಟಿ ಗುಹೆ ಕೊರೆಯುತ್ತಿದ್ದ ಹೊತ್ತಿಗೆ, ಭೂಮಿಯ ಇನ್ನೊಂದು ಬದಿಯಲ್ಲಿ ಪೂಮಾ ಪುಂಕುವಿಗೆ ಮಣ್ಣು ಹೊರುತ್ತಿದ್ದರು.

ಆದರೂ ಕಾರ್ಬನ್ ಡೇಟಿಂಗ್ ಕಣ್ಣು ಮುಚ್ಚಿ ನಂಬುವ ವಸ್ತುವಲ್ಲ, ಮತ್ತು ಇದಕ್ಕೆ ಉದಾಹರಣೆ ತಿವಾನಾಕುವಿನಲ್ಲೇ ಇದೆ. ಬೊಲಿವಿಯಾದ ಕಾರ್ಲೋಸ್ ಪೋನ್ಸೆ ಸಾಂಜಿನೆಸ್ 1950ರ ದಶಕದಿಂದ ಅಲ್ಲಿ ದೊಡ್ಡ ಉತ್ಖನನ ನಡೆಸಿದವರು. ಆಳದಲ್ಲಿ ಸಿಕ್ಕ ಮಾದರಿಯ ಆಧಾರದ ಮೇಲೆ ತಿವಾನಾಕು ಹಳ್ಳಿಯಾಗಿ ಆರಂಭವಾದದ್ದು ಕ್ರಿ.ಪೂ. 1580ರ ಸುಮಾರಿಗೆ ಎಂದರು. ಪಠ್ಯಪುಸ್ತಕ, ಪ್ರವಾಸಿ ಕೈಪಿಡಿ ಎಲ್ಲ ಕಡೆ ದಶಕಗಟ್ಟಲೆ ಅದೇ ಕಾಲ ಇತ್ತು, ಕೆಲವೆಡೆ ಈಗಲೂ ಇದೆ. ದೇಶದ ಹೆಮ್ಮೆಗೂ ಅದು ಹಿತವಾಗಿತ್ತು. ಮುಂದೆ ಎರಿಕ್ ಮಾರ್ಷ್ ಆ ಹಳೆಯ ಮಾದರಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎಲ್ಲಿ ಸಿಕ್ಕಿತು ಎಂಬ ದಾಖಲೆಯೇ ಗಟ್ಟಿಯಿಲ್ಲದವನ್ನು, ಉಳಿದವುಗಳ ಜೊತೆ ಹೊಂದದವನ್ನು ಬದಿಗಿಟ್ಟು, ಉಳಿದವನ್ನು ಸಂಖ್ಯಾಶಾಸ್ತ್ರದಿಂದ ಒಟ್ಟಿಗೆ ತೂಗಿದರು. ಆರಂಭ ಕ್ರಿ.ಶ. 110ರ ಆಸುಪಾಸಿಗೆ ಬಂತು. ಒಂದೇ ಏಟಿಗೆ ಸುಮಾರು ಹದಿನೇಳು ನೂರು ವರ್ಷ ಕಡಿಮೆ. ಪುರಾತತ್ವಜ್ಞರು ತಮ್ಮದೇ ಹಿರಿಯರ ಲೆಕ್ಕವನ್ನು ಹೀಗೆ ಕೆಡವುತ್ತಿದ್ದಾರೆ. ಆದರೆ ಆ ಏಟು ಬಿದ್ದದ್ದು ವಯಸ್ಸು ಇಳಿಯುವ ಕಡೆಗೆ.

ಮಾದರಿ ಸಿಕ್ಕ ಜಾಗದ ಹಾಗೆಯೇ ಮಾದರಿಯ ಜಾತಿಯೂ ಮುಖ್ಯ. ಮರದ ಇದ್ದಿಲು ಸಿಕ್ಕಿತು ಅನ್ನಿ. ಆ ಮರ ಕಡಿಯುವ ಮುಂಚೆ ಇನ್ನೂರು ವರ್ಷ ಬದುಕಿತ್ತೇನೋ. ಕಡಿದ ಮೇಲೆ ಇನ್ನೊಂದು ಕಟ್ಟಡದ ತೊಲೆಯಾಗಿತ್ತೇನೋ. ಮರವೇ ಅಪರೂಪವಾದ ಆ ಎತ್ತರದ ಬಯಲಿನಲ್ಲಿ ಹಳೆಯ ಮರವನ್ನು ಯಾರು ಬಿಸಾಡುತ್ತಾರೆ? ಆದ್ದರಿಂದ ಒಂದೇ ವರ್ಷ ಬದುಕುವ ಹುಲ್ಲು, ಕಾಳು, ಬೀಜಗಳಿಗೆ ಹೆಚ್ಚು ಬೆಲೆ.

ಕಾರ್ಬನ್ ಬದಿಗಿಟ್ಟರೂ ಬೇರೆ ದಾರಿಗಳು ಅದೇ ಕಾಲಕ್ಕೆ ಬಂದು ಸೇರುತ್ತವೆ. ಸೂರ್ಯದ್ವಾರದ ನಡುವೆ ಎರಡೂ ಕೈಯಲ್ಲಿ ದಂಡ ಹಿಡಿದ, ತಲೆಯ ಸುತ್ತ ಕಿರಣಗಳಿರುವ ದೇವತೆಯಿದ್ದಾನೆ. ಅಕ್ಕಪಕ್ಕ ಅವನ ಕಡೆಗೆ ಧಾವಿಸುವ ರೆಕ್ಕೆಯ ಪರಿಚಾರಕರು. ಇದೇ ಶೈಲಿಯ ರೂಪಗಳು ಮಡಕೆಗಳ ಮೇಲೆ, ನೇಯ್ದ ಬಟ್ಟೆಗಳ ಮೇಲೆ, ನಸ್ಯದ ಮರದ ತಟ್ಟೆಗಳ ಮೇಲೆ, ಚಿಲಿಯ ಅಟಕಾಮಾ ಮರುಭೂಮಿಯ ಗೋರಿಗಳವರೆಗೂ ಸಿಗುತ್ತವೆ, ಎಲ್ಲವೂ ಕ್ರಿಸ್ತಶಕದ ಮೊದಲ ಸಾವಿರ ವರ್ಷಗಳ ಒಳಗಿನವು. ಸೂರ್ಯದ್ವಾರ ಹದಿನೇಳು ಸಾವಿರ ವರ್ಷ ಹಳೆಯದಾದರೆ, ಅದರ ಚಿತ್ರಶೈಲಿ ಹದಿನೈದು ಸಾವಿರ ವರ್ಷ ಎಲ್ಲೂ ಒಂದು ಕುರುಹೂ ಬಿಡದೆ ಅಡಗಿದ್ದು, ಆಮೇಲೆ ದಿಢೀರನೆ ಎಲ್ಲ ಕಡೆ ಎದ್ದುಬಂದಿರಬೇಕು. ಪೂಮಾ ಪುಂಕುವಿನ ಕಲ್ಲುಗಳನ್ನು ಕಚ್ಚಿ ಹಿಡಿಯಲು ಲೋಹ ಕರಗಿಸಿ ಅಲ್ಲೇ ಹೊಯ್ದ ಕೊಂಡಿಗಳಿದ್ದವು. ಅವು ತಾಮ್ರಕ್ಕೆ ಆರ್ಸೆನಿಕ್ ಮತ್ತು ನಿಕ್ಕಲ್ ಬೆರೆತ ಕಂಚು ಎಂದು ಹೆದರ್ ಲೆಕ್ಟ್‌ಮನ್ ವಿಶ್ಲೇಷಿಸಿ ತೋರಿಸಿದರು. ಈ ಮಿಶ್ರಲೋಹ ತಿವಾನಾಕು ಕಾಲದ ಕುಲುಮೆಗಳಿಗೆ ಸೇರಿದ್ದು.

ಪೂಮಾ ಪುಂಕು ಒಂದು ಕಾಲದ ಬಂದರು, ಸರೋವರ ಅಲ್ಲಿಯವರೆಗೂ ಇತ್ತು, ಈಗ ಹಿಂದೆ ಸರಿದಿದೆ, ಹಾಗಾಗಿ ಅದು ಅತಿ ಹಳೆಯದು ಎಂಬುದು ಇನ್ನೊಂದು ಜನಪ್ರಿಯ ವಾದ. ಹಿಮಯುಗದ ಕೊನೆಯಲ್ಲಿ ಟಿಟಿಕಾಕಾ ಇಂದಿಗಿಂತ ಮೇಲಿತ್ತು ಎಂಬುದು ಸರಿ. ಆದರೆ ಸರೋವರದ ತಳದ ಕೆಸರಿನ ಪದರಗಳ ಅಧ್ಯಯನದಿಂದ ಅದು ಒಂದೇ ಸಮನೆ ಇಳಿಯುತ್ತ ಬಂದಿಲ್ಲ ಎಂದೂ ಗೊತ್ತಾಗಿದೆ. ಸುಮಾರು ಆರು ಸಾವಿರ ವರ್ಷಗಳ ಹಿಂದೆ ನೀರು ಇಂದಿಗಿಂತ ಎಂಬತ್ತು ಮೀಟರಿಗೂ ಹೆಚ್ಚು ಕೆಳಗೆ ಇಳಿದು, ಮತ್ತೆ ಏರಿತು. ಈ ಏರಿಳಿತದ ಸರೋವರವನ್ನು ಗಡಿಯಾರವಾಗಿ ಬಳಸುವುದು ಕಷ್ಟ.

ಹಿಮಯುಗದಲ್ಲಿ ಅಲ್ಲಿ ಮನುಷ್ಯರಾದರೂ ಇದ್ದರೇ? ಆಂಡಿಸ್‌ನ ಎತ್ತರದ ಪ್ರದೇಶಗಳಲ್ಲಿ ಮನುಷ್ಯರ ಅತಿ ಹಳೆಯ ಗಟ್ಟಿ ಕುರುಹುಗಳಲ್ಲಿ ಒಂದು ಪೆರುವಿನ ಕುಂಕೈಚಾ ಎಂಬ ಕಲ್ಲಾಸರೆ. ಅದು 4,480 ಮೀಟರ್ ಎತ್ತರದಲ್ಲಿದ್ದು, ಸುಮಾರು 12,400 ವರ್ಷ ಹಳೆಯದು. ಅಲ್ಲಿದ್ದವರು ಬೇಟೆಗಾರರು. ಅಮೆರಿಕ ಖಂಡಕ್ಕೆ ಮನುಷ್ಯ ಮೊದಲು ಬಂದದ್ದು ಯಾವಾಗ ಎಂಬ ಚರ್ಚೆ ಇನ್ನೂ ಕಾವೇರಿದೆ, ಕಾಲ ಹಿಂದಕ್ಕೆ ಹೋಗುತ್ತಲೂ ಇದೆ. ಆದರೆ ಹತ್ತಿಪ್ಪತ್ತು ಸಾವಿರ ಜನರ ಪಟ್ಟಣಕ್ಕೆ ಬೇಟೆ ಸಾಲದು. ಆಲೂಗಡ್ಡೆ, ಕಿನೊವಾ ಬೆಳೆಯಬೇಕು, ಲಾಮಾಗಳನ್ನು ಪಳಗಿಸಬೇಕು, ರಾತ್ರಿಯ ಹಿಮಕ್ಕೆ ಬೆಳೆ ಸುಟ್ಟುಹೋಗದಂತೆ ಕಾಲುವೆಗಳ ನಡುವೆ ಮಣ್ಣು ಏರಿಸಿ ಗದ್ದೆ ಮಾಡಬೇಕು. ತಿವಾನಾಕುವಿನವರು ಇದೆಲ್ಲ ಮಾಡಿದ್ದಕ್ಕೆ ನೆಲದಲ್ಲಿ ಗುರುತುಗಳಿವೆ, ಹಿಮಯುಗದಲ್ಲಿ ಯಾರೂ ಮಾಡಿದ್ದಕ್ಕೆ ಇಲ್ಲ.

'ಪಂಡಿತರು ಹಳೆಯ ಕಾಲಗಳನ್ನು ಒಪ್ಪುವುದೇ ಇಲ್ಲ' ಎಂಬ ಆರೋಪಕ್ಕೆ ಆಂಡಿಸ್‌ನಲ್ಲೇ ಉತ್ತರವಿದೆ. ಪೆರುವಿನ ಸೂಪೆ ಕಣಿವೆಯ ಕರಾಲ್ ಎಂಬಲ್ಲಿನ ದಿಬ್ಬಗಳನ್ನು ರೂತ್ ಶೇಡಿ ವರ್ಷಗಟ್ಟಲೆ ಅಗೆದರು. ದಿಬ್ಬ ಕಟ್ಟಲು ಜನರು ಜೊಂಡಿನಿಂದ ಹೆಣೆದ ಚೀಲಗಳಲ್ಲಿ ಕಲ್ಲು ತುಂಬಿ, ಚೀಲದ ಸಮೇತ ಒಳಗೆ ಇಟ್ಟುಬಿಟ್ಟಿದ್ದರು. ಜೊಂಡು ಹೆಚ್ಚು ಕಾಲ ಬದುಕುವ ಗಿಡವಲ್ಲ. ಕೊಯ್ದು, ಹೆಣೆದು, ಕಲ್ಲು ತುಂಬಿ ಇಟ್ಟದ್ದೆಲ್ಲ ಹೆಚ್ಚುಕಡಿಮೆ ಒಂದೇ ಸಮಯಕ್ಕೆ. ಕಾಲನಿರ್ಣಯಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. ಕಾಲ ಕ್ರಿ.ಪೂ. 2627ಕ್ಕೆ ಹೋಯಿತು, ಈಜಿಪ್ಟಿನ ಪಿರಮಿಡ್ಡುಗಳ ಕಾಲಕ್ಕೆ. 2001ರಲ್ಲಿ ಇದು ಪ್ರಕಟವಾದಾಗ ಅಮೆರಿಕ ಖಂಡದ ನಗರಗಳ ಇತಿಹಾಸವನ್ನೇ ಹಿಂದಕ್ಕೆ ಎಳೆಯಬೇಕಾಯಿತು. ಎಳೆದರು, ಯಾರೂ ಮುಚ್ಚಿಡಲಿಲ್ಲ.

ಪೆರುವಿನ ಇಂಕಾ ನೆಲೆ ಮಾಚು ಪಿಚುವಿನ ಕಥೆ ಇನ್ನೂ ಸಣ್ಣ ಅಳತೆಯದು. ಸ್ಪೇನಿಗರ ಬರಹಗಳ ಆಧಾರದಲ್ಲಿ ಅದನ್ನು 1450ರ ಆಸುಪಾಸಿನದು ಎಂದು ಹೇಳುತ್ತಿದ್ದರು. 2021ರಲ್ಲಿ ರಿಚರ್ಡ್ ಬರ್ಗರ್ ಮತ್ತು ಸಂಗಡಿಗರು ಅಲ್ಲಿ ಹೂಳಿದ್ದ 26 ಜನರ ಅವಶೇಷಗಳ ಕಾರ್ಬನ್ ಅಳತೆ ಪ್ರಕಟಿಸಿದರು. ಜನವಸತಿ 1420ರ ಹೊತ್ತಿಗೇ ಇತ್ತು ಎಂದು ತೋರಿತು. ಇಪ್ಪತ್ತು ಮೂವತ್ತು ವರ್ಷಗಳ ವ್ಯತ್ಯಾಸ, ಅಷ್ಟಕ್ಕೇ ಇಂಕಾ ಅರಸ ಪಾಚಕುಟಿಯ ಆಳ್ವಿಕೆಯ ಕಾಲವನ್ನೂ ಸ್ಪೇನಿಗರ ಬರಹಗಳ ನಂಬಿಕೆಯನ್ನೂ ಮತ್ತೆ ತೂಗಬೇಕಾಯಿತು. ವಯಸ್ಸಿನ ನಿಜವಾದ ಜಗಳಗಳು ಈ ಅಳತೆಯವು. ವಿಡಿಯೊ ಮಾಡುವವರಿಗೆ ಇವು ರುಚಿಸುವುದಿಲ್ಲ.

ತಿವಾನಾಕುವಿನಲ್ಲೂ ಅಂಥ ಜಗಳಗಳು ನಡೆದೇ ಇವೆ. ಅದು ಒಂದು ಸಾಮ್ರಾಜ್ಯದ ರಾಜಧಾನಿಯೇ ಅಥವಾ ಬೇರೆ ಬೇರೆ ಕಡೆಯ ಜನ ಹಬ್ಬ ಹರಕೆಗೆ ಬಂದು ಸೇರುತ್ತಿದ್ದ ಕ್ಷೇತ್ರವೇ? ಕ್ರಿ.ಶ. 1000ದ ಆಸುಪಾಸಿನಲ್ಲಿ ಊರು ಬರಿದಾಗಲು ಬರಗಾಲ ಕಾರಣವೇ, ಒಳಜಗಳವೇ? ಪೆರುವಿನ ಕ್ವೆಲ್ಕಾಯಾ ಹಿಮನದಿಯ ಪದರಗಳಲ್ಲಿ ದೀರ್ಘ ಬರದ ಗುರುತು ಇದೆ ಎಂದು ಒಂದು ಪಂಗಡ; ಬರ ಬರುವ ಮೊದಲೇ ಊರು ಒಡೆಯತೊಡಗಿತ್ತು ಎಂದು ಇನ್ನೊಂದು. ಇದನ್ನು ಬಿಡಿಸಬೇಕಾದರೆ ಎರಡು ಘಟನೆಗಳ ನಡುವಿನ ಐವತ್ತು ವರ್ಷವನ್ನು ಹಿಡಿಯುವಷ್ಟು ನಿಖರ ಮಾದರಿಗಳು ಬೇಕು. ವ್ರಾನಿಚ್ 2018ರಲ್ಲಿ ಪೂಮಾ ಪುಂಕುವಿನ ಒಡೆದ ಕಲ್ಲುಗಳ ಪುಟ್ಟ ಪ್ರತಿಗಳನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಿ, ಕೈಯಲ್ಲಿ ತಿರುಗಿಸುತ್ತ, ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಜೋಡಿಸಿ ನೋಡಿದರು. ಅದಕ್ಕೆ ಅವರು ನೆಚ್ಚಿಕೊಂಡ ಆಧಾರಗಳಲ್ಲಿ ಹಿಂದಿನ ಸಂಶೋಧಕರು ಸ್ಥಳದಲ್ಲೇ ಬರೆದಿಟ್ಟ ಕಲ್ಲುಗಳ ಅಳತೆಗಳೂ ಇದ್ದವು.